ಕ್ಷಮೆ ಕೇಳಲು ಹೋಗಬೇಡಿ ಎಂದು ಹೇಳಿದ್ದೇಕೆ

ಕೊಲೆ ಪ್ರಕರಣದಲ್ಲಿ ಬಹುಕಾಲ ಜೈಲಿನಲ್ಲಿದ್ದು ಹೊರಬಂದವರು ನನ್ನ ಬಳಿ ಆಪ್ತಸಲಹೆಗೆ ಬಂದರೆ, ಒಂದಲ್ಲ ಒಂದು ದಿನ ಒಂದೇ ಮಾತು ಎತ್ತುತ್ತಾರೆ. ಕೊಲೆಯಾದವರ ಮನೆಯವರ ಹತ್ತಿರ ಹೋಗಿ ಕ್ಷಮೆ ಕೇಳಬೇಕು ಎನ್ನುತ್ತಾರೆ. ಹೆಚ್ಚಿನವರಿಗೆ ಇದು ಬಿಡುಗಡೆಯಾದ ಮೊದಲ ವರ್ಷದಲ್ಲೇ ಹುಟ್ಟುವ ಆಸೆ. ಹೆಂಡತಿ ಮಕ್ಕಳು ಹೂಂ ಎನ್ನುತ್ತಾರೆ, ಊರಿನ ಹಿರಿಯರು ಬೆನ್ನು ತಟ್ಟುತ್ತಾರೆ, ಗುರುಗಳಿದ್ದರೆ ಒಳ್ಳೆಯ ದಿನ ನೋಡಿ ಹೇಳುತ್ತಾರೆ. ನಾನು ಮಾತ್ರ ಬೇಡ ಎನ್ನುತ್ತೇನೆ.

ಈ ಉತ್ತರ ಕೇಳಿ ನೊಂದುಕೊಂಡವರಿದ್ದಾರೆ, ಸಿಟ್ಟಾದವರಿದ್ದಾರೆ. ಪಶ್ಚಾತ್ತಾಪಪಟ್ಟವನ ದಾರಿಗೆ ಅಡ್ಡ ನಿಲ್ಲುವುದು ಯಾವ ಸೀಮೆಯ ಆಪ್ತಸಲಹೆ ಎಂದು ಮುಖಕ್ಕೇ ಕೇಳಿದ್ದಾರೆ. ಹಾಗೆ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರ ಕೊಟ್ಟಿದ್ದೇನೆ. ಈಗ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಇಡಿಯಾಗಿ ಹೇಳುತ್ತೇನೆ.

ಅವರನ್ನು ನಂಜಪ್ಪ ಎನ್ನೋಣ. ಅದು ನಾನಿಟ್ಟ ಹೆಸರು. ಅವರ ನಿಜವಾದ ಹೆಸರಿಗೆ ಅಂಟಿಕೊಂಡಿದ್ದ ಅಡ್ಡಹೆಸರನ್ನು ಹೇಳಿದರೆ ಒಂದು ಕಾಲದಲ್ಲಿ ಪತ್ರಿಕೆ ಓದುತ್ತಿದ್ದವರಿಗೆ ತಟ್ಟನೆ ಗುರುತು ಹತ್ತುತ್ತದೆ. ಊರು, ಕಾಲ, ಪ್ರಕರಣದ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ನಂಜಪ್ಪನವರು ಇದನ್ನು ಓದಿ ಒಪ್ಪಿದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ. ಕೊಲೆಯಾದವರ ಹೆಂಡತಿಯ ಒಪ್ಪಿಗೆ ಕೇಳುವ ದಾರಿ ನನಗಿಲ್ಲ. ಆದ್ದರಿಂದ ಆಕೆಯ ವಿಚಾರ ಇಲ್ಲಿ ತೀರ ಕಡಿಮೆ, ಇರುವಷ್ಟೂ ಗುರುತು ಸಿಗದ ಹಾಗೆ ಇದೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಹರೆಯದಲ್ಲಿ ಹೊಡೆದಾಟ, ಆಮೇಲೆ ವಸೂಲಿ, ಬಾಡಿಗೆ ಮನೆ ಖಾಲಿ ಮಾಡಿಸುವುದು, ಜಾಗದ ತಕರಾರು, ಠಾಣೆಯಲ್ಲಿ ರೌಡಿ ಶೀಟು, ಕೊನೆಗೆ ಒಂದು ಕೊಲೆ. ಜೀವಾವಧಿ ಶಿಕ್ಷೆಯಾಯಿತು. ಒಳಗೆ ಮೊದಲ ಕೆಲವು ವರ್ಷ ಅಲ್ಲಿಯೂ ಅಣ್ಣನಾಗಿಯೇ ಇದ್ದರು. ತಾಯಿ ತೀರಿಕೊಂಡಾಗ ಪೆರೋಲ್ ಸಿಗದೆ, ಮಣ್ಣಿಗೆ ಹೋಗಲಾಗದೆ, ಅಲ್ಲಿಂದ ಮಾತು ಕಡಿಮೆ ಮಾಡಿದರು. ಜೈಲಿನ ಬೇಕರಿಯಲ್ಲಿ ಕೆಲಸ ಕಲಿತರು. ಅಕ್ಷರ ಮರೆತುಹೋಗಿತ್ತು, ಮತ್ತೆ ಕಲಿತರು. ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಯಿತು.

ಇಲ್ಲಿ ಕಾನೂನಿನ ಒಂದು ಮಾತು ಹೇಳಲೇಬೇಕು, ಏಕೆಂದರೆ ಜನರಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಜೀವಾವಧಿ ಎಂದರೆ 14 ವರ್ಷ, ಹಗಲೊಂದು ರಾತ್ರಿಯೊಂದು ಲೆಕ್ಕ ಹಿಡಿದರೆ ಏಳೇ ವರ್ಷ ಎಂದೆಲ್ಲ ಹೇಳುತ್ತಾರೆ. ಎರಡೂ ಸುಳ್ಳು. ಜೀವಾವಧಿ ಎಂದರೆ ಉಸಿರಿರುವವರೆಗೆ. 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು, ಗಾಂಧಿ ಹತ್ಯೆಯಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕೊಲೆಯಂಥ ಅಪರಾಧದಲ್ಲಿ ಜೀವಾವಧಿ ಆದವರನ್ನು ಸರ್ಕಾರ ಅವಧಿಗೆ ಮುನ್ನ ಬಿಡಬೇಕಾದರೆ ಕನಿಷ್ಠ 14 ವರ್ಷ ಒಳಗಿದ್ದಿರಬೇಕು ಎಂಬ ನಿರ್ಬಂಧ 1978ರಲ್ಲಿ ದಂಡಪ್ರಕ್ರಿಯಾ ಸಂಹಿತೆಗೆ ಸೇರಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 475ನೇ ಕಲಮು. ಹದಿನಾಲ್ಕು ತುಂಬಿದರೆ ಬಿಡುಗಡೆಯನ್ನು ಪರಿಶೀಲಿಸಬಹುದು ಎಂದಷ್ಟೇ ಇದರ ಅರ್ಥ. ಬಿಡಲೇಬೇಕು ಎಂದಲ್ಲ. ಬಿಟ್ಟರೂ ಷರತ್ತುಗಳಿರುತ್ತವೆ. ಷರತ್ತು ಮುರಿದರೆ ಸರ್ಕಾರ ಮಾಫಿಯನ್ನು ರದ್ದುಮಾಡಿ, ವಾರಂಟ್ ಇಲ್ಲದೆಯೇ ಹಿಡಿದು, ಉಳಿದ ಶಿಕ್ಷೆಗೆ ವಾಪಸ್ ಕಳಿಸಬಹುದು. ನಂಜಪ್ಪನವರು ಹೊರಗಿದ್ದರೂ ಅವರ ಶಿಕ್ಷೆ ಮುಗಿದಿಲ್ಲ. ಮನೆಯವರಿಗೆ ಇದು ಅರ್ಥವಾಗಲು ಬಹಳ ಸಮಯ ಹಿಡಿಯಿತು.

ಬಿಡುಗಡೆಯ ದಿನ ಜೈಲಿನ ಗೇಟಿನ ಹೊರಗೆ ಹುಡುಗರು ಹಾರ ಹಿಡಿದು ನಿಂತಿದ್ದರಂತೆ. ಅವರಲ್ಲಿ ಅರ್ಧಕ್ಕರ್ಧ ಜನ ನಂಜಪ್ಪನವರು ಒಳಗೆ ಹೋದಾಗ ಹುಟ್ಟಿಯೇ ಇರಲಿಲ್ಲ. ಇದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಹೆಮ್ಮೆಯೋ ಮುಜುಗರವೋ ಎಂದು ಆಗ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಹಾರ ಹಾಕುವವರ ಕುರಿತು ನನ್ನ ಅಭಿಪ್ರಾಯ ಗಟ್ಟಿಯಾಗಿದೆ. 2022ರ ಆಗಸ್ಟ್ 15ರಂದು ಗುಜರಾತಿನಲ್ಲಿ, 2002ರ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾಗಿ ಮನೆಯವರನ್ನೂ ಕಳೆದುಕೊಂಡ ಬಿಲ್ಕಿಸ್ ಬಾನೊ ಅವರ ಪ್ರಕರಣದ 11 ಅಪರಾಧಿಗಳು ಹೊರಬಂದಾಗ ಅವರಿಗೆ ಹಾರ ಹಾಕಿ ಸಿಹಿ ತಿನ್ನಿಸಿದ್ದನ್ನು ದೇಶ ನೋಡಿತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನೇ ರದ್ದುಮಾಡಿ ಅವರನ್ನು ಜೈಲಿಗೆ ವಾಪಸ್ ಕಳಿಸಿತು. ಹಾರ ಹಾಕಿದವರು ಆ ಹೆಣ್ಣುಮಗಳು ಅದನ್ನು ನೋಡುತ್ತಾಳೆ ಎಂಬುದನ್ನು ಒಂದು ಕ್ಷಣವಾದರೂ ಯೋಚಿಸಿದ್ದರೆ? ನನ್ನ ಇಡೀ ವಾದದ ಬೇರು ಈ ಪ್ರಶ್ನೆಯಲ್ಲಿದೆ.

ಮೊದಲ ಕೆಲವು ಭೇಟಿಗಳಲ್ಲಿ ನಾವು ಕ್ಷಮೆಯ ಮಾತೇ ಆಡಲಿಲ್ಲ. ನಿದ್ದೆಯದೇ ದೊಡ್ಡ ಸಮಸ್ಯೆಯಾಗಿತ್ತು. ಜೈಲಿನಲ್ಲಿ ಬೆಳಗ್ಗೆ ಕೈದಿಗಳ ತಲೆ ಎಣಿಸುವ ಹೊತ್ತಿಗೆ ಎಚ್ಚರವಾಗಿ ಎದ್ದು ಕೂರುತ್ತಿದ್ದರು. ಮನೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು ಯಾರಾದರೂ ತೆರೆಯಲಿ ಎಂದು ಕಾಯುತ್ತಿದ್ದರು. ತಾನೇ ತೆರೆಯಬಹುದು ಎಂಬುದು ಕೈಗೆ ಮರೆತುಹೋಗಿತ್ತು. ದೀರ್ಘಕಾಲ ಒಳಗಿದ್ದು ಬಂದವರಲ್ಲಿ ಇದು ಸಾಮಾನ್ಯ. ಮನೆಯವರು ನಗಬಾರದು, ಗಾಬರಿಯಾಗಲೂಬಾರದು. ಚುನಾವಣೆ ಬಂತು, ಹಬ್ಬದ ಮೆರವಣಿಗೆ ಬಂತು ಎಂದರೆ ಠಾಣೆಯಿಂದ ಕರೆ. ಹೋಗಿ ಸಾಲಿನಲ್ಲಿ ನಿಂತು ಬರುತ್ತಿದ್ದರು. ಅದು ಅವರಿಗೆ ಅಷ್ಟು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಅವರ ಹೆಸರು. ಜಾಗದ ವ್ಯವಹಾರದವರು ಮನೆ ಹುಡುಕಿಕೊಂಡು ಬಂದರು. ಏನೂ ಮಾಡಬೇಡಿ ಅಣ್ಣ, ಸುಮ್ಮನೆ ಬಂದು ಒಂದು ಕುರ್ಚಿಯಲ್ಲಿ ಕೂತರೆ ಸಾಕು ಎಂದರು. ಕೈ ಎತ್ತಬೇಕಾಗಿಲ್ಲ, ಬಾಯಿ ಬಿಡಬೇಕಾಗಿಲ್ಲ, ತಿಂಗಳಿಗೆ ಇಷ್ಟು. ನಂಜಪ್ಪನವರು ಇದನ್ನು ನನ್ನ ಮುಂದೆ ಪ್ರಾಮಾಣಿಕವಾದ ಪ್ರಶ್ನೆಯಾಗಿಯೇ ಇಟ್ಟರು. ತಪ್ಪೇನೂ ಮಾಡುವುದಿಲ್ಲವಲ್ಲ, ಇದರಲ್ಲಿ ತಪ್ಪೆಲ್ಲಿದೆ ಎಂದರು. ಆ ಕುರ್ಚಿಯಲ್ಲಿ ಕೂರುವುದಕ್ಕೆ ದುಡ್ಡು ಕೊಡುವುದು ಯಾವ ಕಾರಣಕ್ಕೆ ಎಂದು ಕೇಳಿದೆ. ಅವರು ಕೊಂದದ್ದಕ್ಕೆ. ಸತ್ತವನ ಹೆಸರಿನಲ್ಲಿ ಬರುವ ಬಾಡಿಗೆ ಅದು. ಇದನ್ನು ಅವರು ತಕ್ಷಣ ಒಪ್ಪಿದರು. ಆ ಕೆಲಸಕ್ಕೆ ಹೋಗಲಿಲ್ಲ. ನಸುಕಿಗೆ ಮುಂಚೆ ಶುರುವಾಗುವ ಒಂದು ಬೇಕರಿ ಕೆಲಸ ಹಿಡಿದರು. ಹೇಗೂ ಆ ಹೊತ್ತಿಗೆ ಎಚ್ಚರವಿರುತ್ತಿತ್ತು.

ಆದರೆ ಅದೇ ಹೆಸರು ಇನ್ನೊಂದು ಬಾಗಿಲಿನಿಂದ ಒಳಗೆ ಬಂತು, ಈ ಸಲ ಒಳ್ಳೆಯ ಬಟ್ಟೆ ತೊಟ್ಟು. ಒಂದು ಸಂಸ್ಥೆಯವರು ಅವರ ಪರಿವರ್ತನೆಯ ಕುರಿತು ಯುವಜನರ ಸಭೆಯೊಂದನ್ನು ನಡೆಸಲು ಮುಂದೆ ಬಂದರು. ಮೊದಲು ಕೊಲೆಯಾದವರ ಹೆಂಡತಿಯ ಮನೆಗೆ ಹೋಗಿ ಕ್ಷಮೆ ಕೇಳುವುದು, ಆಕೆ ಒಪ್ಪಿದರೆ ಸಭೆಗೂ ಕರೆತರುವುದು, ವೇದಿಕೆಯ ಮೇಲೆ ಇಬ್ಬರೂ ನಿಲ್ಲುವುದು. ಒಳ್ಳೆಯ ಮನಸ್ಸಿನಿಂದಲೇ ಯೋಚಿಸಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ.

ಆ ದಿನದ ಭೇಟಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಂದು ಕೂತವರೇ ಹೇಳಿದರು, "ಮೇಡಂ, ತೀರ್ಮಾನ ಮಾಡ್ಬಿಟ್ಟಿದ್ದೀನಿ. ಹೋಗಿ ಕಾಲಿಗೆ ಬೀಳ್ತೀನಿ. ಹೊಡೀಲಿ, ಉಗೀಲಿ, ತಡ್ಕೋತೀನಿ. ಅವರು ಏನಂದ್ರೂ ಸರಿ."

ಬೇಡ ಎಂದು ನಾನು ಕೂಡಲೇ ಹೇಳಲಿಲ್ಲ. ಯಾಕೆ ಹೋಗಬೇಕು ಅನ್ನಿಸುತ್ತಿದೆ ಎಂದು ಕೇಳಿದೆ. ಎದೆಯ ಮೇಲೆ ಕಲ್ಲು ಕೂತ ಹಾಗಿದೆ, ಒಂದು ಸಲ ಅವರ ಬಾಯಿಂದ ಆಯ್ತು ಹೋಗು ಅಂತ ಬಂದರೆ ಸಾಕು ಎಂದರು. ಆಮೇಲೆ ಅವರೇ ಅಂಗುಲಿಮಾಲನ ಮಾತು ತಂದರು. ಕೊಂದವರ ಬೆರಳುಗಳ ಮಾಲೆ ಹಾಕಿಕೊಂಡಿದ್ದು, ಆಮೇಲೆ ಬುದ್ಧನ ಭಿಕ್ಷುವಾದ ದರೋಡೆಕೋರ ಅವನು. ಜೈಲಿಗೆ ಪ್ರವಚನಕ್ಕೆ ಬರುತ್ತಿದ್ದವರೆಲ್ಲ ಹೇಳುತ್ತಿದ್ದ ಕತೆ ಅದು.

"ಅಷ್ಟು ಜನರನ್ನ ಕೊಂದವನನ್ನೇ ಬುದ್ಧ ಕ್ಷಮಿಸಲಿಲ್ವಾ ಮೇಡಂ? ಅವನಿಗಿಂತ ನಾನು ಕಡೆಯಾ?"

ಅವನು ಭಿಕ್ಷುವಾದ ಮೇಲೆ ಏನಾಯಿತು ಗೊತ್ತಾ ಎಂದು ಕೇಳಿದೆ. ಗೊತ್ತಿರಲಿಲ್ಲ. ಪ್ರವಚನಗಳಲ್ಲಿ ಕತೆ ಕಾವಿ ಉಡಿಸುವಲ್ಲಿಗೆ ಮುಗಿದುಬಿಡುತ್ತದೆ. ಬೌದ್ಧರ ಪಾಲಿ ಗ್ರಂಥ ಮಜ್ಝಿಮ ನಿಕಾಯದ ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಅಂಗುಲಿಮಾಲ ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಒಬ್ಬರು ಎಸೆದ ಮಣ್ಣಿನ ಹೆಂಟೆ, ಇನ್ನೊಬ್ಬರು ಎಸೆದ ಕೋಲು, ಮತ್ತೊಬ್ಬರು ಎಸೆದ ಹರಳು ಬಂದು ಬಡಿಯುತ್ತವೆ. ತಲೆ ಒಡೆದು ರಕ್ತ ಸುರಿಸಿಕೊಂಡು, ಒಡೆದ ಪಾತ್ರೆ ಹರಿದ ಭಿಕ್ಷುವಸ್ತ್ರದೊಂದಿಗೆ ಬುದ್ಧನ ಬಳಿ ಬರುತ್ತಾನೆ. ಬುದ್ಧ ಹೇಳುವುದು: ತಾಳಿಕೋ, ಇದು ನೀನು ಮಾಡಿದ್ದರ ಫಲ. ಹೋಗಿ ಅವರಿಗೆ ನೀನು ಬದಲಾಗಿದ್ದೀಯೆ ಎಂದು ತಿಳಿಸು ಎನ್ನುವುದಿಲ್ಲ. ಊರವರನ್ನು ಕರೆಸಿ ಇವನನ್ನು ಕ್ಷಮಿಸಿ ಎಂದೂ ಹೇಳುವುದಿಲ್ಲ.

ನಂಜಪ್ಪನವರು ಕೇಳಿಸಿಕೊಂಡರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ನಾನು ಬೇರೆ ದಾರಿ ಹಿಡಿದೆ. ಆ ಮನೆಗೆ ಹೋಗುವುದನ್ನು ಇಲ್ಲೇ, ಈಗಲೇ, ಮೊದಲಿನಿಂದ ಹೇಳಿ ಎಂದೆ.

"ಯಾವ ಹೊತ್ತಿಗೆ ಹೋಗ್ತೀರಿ?"

"ಸಂಜೆ ಮೇಲೆ. ಹಗಲು ಹೋದ್ರೆ ಜನ ಸೇರ್ತಾರೆ."

"ಹೇಗೆ ಹೋಗ್ತೀರಿ?"

"ಹುಡುಗರು ಗಾಡಿ ತರ್ತಾರೆ."

"ಎಷ್ಟು ಜನ?"

"ಇಬ್ಬರು, ಮೂವರು. ಅವರು ಗಾಡಿ ಹತ್ರಾನೇ ಇರ್ತಾರೆ."

"ಬಾಗಿಲು ಯಾರು ತೆಗೀತಾರೆ?"

"ಅವರೇ ತೆಗೀಬಹುದು. ಇಲ್ಲ ಅಂದ್ರೆ ಮಗ."

"ಕೋರ್ಟಿನಲ್ಲಿ ಅವರು ಸಾಕ್ಷಿ ಹೇಳಿದ್ರಾ?"

ಸ್ವಲ್ಪ ತಡೆದು ಹೂಂ ಎಂದರು. ಕಣ್ಣಾರೆ ಕಂಡವರು ಆಕೆಯೊಬ್ಬರೇ. ಕಟಕಟೆಯಲ್ಲಿ ನಿಂತು ಇವರನ್ನು ಬೆರಳು ತೋರಿಸಿ ಗುರುತಿಸಿದ್ದರು. ಶಿಕ್ಷೆಯಾದದ್ದು ಮುಖ್ಯವಾಗಿ ಆ ಸಾಕ್ಷಿಯಿಂದಲೇ.

"ಬಾಗಿಲು ತೆಗೆದ ಮೇಲೆ ನೀವು ಕಾಲಿಗೆ ಬೀಳೋದಕ್ಕೆ ಎಷ್ಟು ಹೊತ್ತು ಬೇಕು?"

"ಎಷ್ಟು ಹೊತ್ತು ಮೇಡಂ, ಒಂದು ಗಳಿಗೆ."

"ಆ ಒಂದು ಗಳಿಗೆಯಲ್ಲಿ ಅವರು ಏನು ನೋಡ್ತಾರೆ?"

ಇದಕ್ಕೆ ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ನಾನೂ ತುಂಬಿಕೊಡಲಿಲ್ಲ. ಕೊನೆಗೆ ತೊಡೆಯ ಮೇಲಿದ್ದ ಎರಡೂ ಅಂಗೈಗಳನ್ನು ನೋಡಿಕೊಂಡು ಹೇಳಿದರು:

"ನನ್ನ ಕೈ ನೋಡ್ತಾರೆ. ಕೈಯಲ್ಲಿ ಏನಿದೆ ಅಂತ ನೋಡ್ತಾರೆ."

ಆಮೇಲೆ ಸಿಟ್ಟು ಬಂತು. ಎದ್ದು ನಿಂತರು. "ಹಾಗಾದ್ರೆ ನಾನೇನು ಮಾಡ್ಲಿ? ಸಾಯೋವರೆಗೂ ಹಿಂಗೇ ಹೊತ್ಕೊಂಡು ಇರ್ಲಾ?" ಎಂದು ಏರಿದ ದನಿಯಲ್ಲಿ ಕೇಳಿದರು. ಇರಬೇಕಾಗಬಹುದು ಎಂದೆ. ಆ ಮಾತು ಕಠೋರವಾಗಿತ್ತು ಎಂದು ಗೊತ್ತು. ಆದರೂ ಬೇರೆ ಏನಾದರೂ ಹೇಳಿದ್ದರೆ ಸುಳ್ಳಾಗುತ್ತಿತ್ತು.

ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮತ್ತೆ ಕೂತರು, ನೀರು ಕುಡಿದರು. ನಾನು ನಿರೀಕ್ಷಿಸದ ಮಾತೊಂದನ್ನು, ನನಗೆ ಹೇಳುವುದಕ್ಕಿಂತ ತಮಗೇ ಹೇಳಿಕೊಳ್ಳುವಂತೆ, ಹೇಳಿದರು:

"ಬುದ್ಧನ ಬೆರಳು ಆ ಮಾಲೆಯಲ್ಲಿ ಇರಲಿಲ್ವಲ್ಲ ಮೇಡಂ."

ಸ್ವಲ್ಪ ಹೊತ್ತಿನ ಮೇಲೆ ಮುಂದುವರಿಸಿದರು. "ಹೊರಗೆ ಬಂದಾಗಿನಿಂದ ಎಲ್ಲರೂ ನನ್ನನ್ನ ಕ್ಷಮಿಸ್ತಾನೇ ಇದ್ದಾರೆ. ಸ್ವಾಮಿಗಳು ಕ್ಷಮಿಸಿದ್ರು, ಸಂಸ್ಥೆಯವರು ಕ್ಷಮಿಸಿದ್ರು, ನಮ್ಮ ಬೀದಿಯವರು ಕ್ಷಮಿಸಿದ್ರು. ಅವರಿಗೆ ನಾನು ಏನು ಮಾಡಿದ್ದೆ?"

ಇಷ್ಟು ವರ್ಷಗಳಲ್ಲಿ ಪಶ್ಚಾತ್ತಾಪದ ಮಾತುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಹೆಚ್ಚಿನವು ಹೇಳುವವರ ನೋವಿನ ಬಗ್ಗೆಯೇ ಇರುತ್ತವೆ. ಇದು ಹಾಗಿರಲಿಲ್ಲ. ತನ್ನಿಂದ ಏನನ್ನೂ ಕಳೆದುಕೊಳ್ಳದವರು ಕೊಡುವ ಕ್ಷಮೆಯನ್ನು ಇಟ್ಟುಕೊಳ್ಳುವ ಹಕ್ಕು ತನಗಿಲ್ಲ ಎಂದು ಈ ಮನುಷ್ಯ ತಾನಾಗಿ ಕಂಡುಕೊಂಡಿದ್ದರು. ಅವರು ನಿಜವಾಗಿ ಬದಲಾದದ್ದು ಯಾವಾಗ ಎಂದು ಕೇಳಿದರೆ ನಾನು ಜೈಲಿನ ವರ್ಷಗಳನ್ನೂ ಹೇಳುವುದಿಲ್ಲ, ಬಿಡುಗಡೆಯ ಆದೇಶವನ್ನೂ ಹೇಳುವುದಿಲ್ಲ, ಈ ಮಾತನ್ನು ಹೇಳುತ್ತೇನೆ.

ಹೋಗಬೇಡಿ ಎಂದು ಆಗ ಸ್ಪಷ್ಟವಾಗಿ ಹೇಳಿದೆ. ಅದಕ್ಕೆ ಕೊಟ್ಟ ಕಾರಣಗಳನ್ನು ಇಲ್ಲಿ ಬರೆಯುತ್ತೇನೆ. ಆ ಸಂಸ್ಥೆಯವರೂ ಬಂದು ಕೇಳಿದರು, ಅವರಿಗೆ ಹೇಳಿದ್ದೂ ಇದನ್ನೇ.

ಕ್ಷಮೆ ಕೇಳುವುದು ಕೊಡುವ ಕೆಲಸದಂತೆ ಕಾಣುತ್ತದೆ, ಆದರೆ ಅದು ಬೇಡುವ ಕೆಲಸ. ಒಮ್ಮೆ ಆಕೆಯಿಂದ ಗಂಡನನ್ನು ಕಿತ್ತುಕೊಂಡಾಗಿದೆ. ಈಗ ಮತ್ತೆ ಹೋಗಿ ನಿಂತು ನನಗೆ ಇನ್ನೊಂದು ಕೊಡು ಎನ್ನುವುದು. ಆಕೆ ಕೊಟ್ಟರೆ ಬಂದವರು ಹಗುರಾಗಿ ಹೋಗುತ್ತಾರೆ. ಕೊಡದಿದ್ದರೆ ಅದೇ ಕ್ಷಣದಿಂದ ತಪ್ಪಿತಸ್ಥೆ ಆಕೆ. ಅಷ್ಟು ದೊಡ್ಡ ಮನುಷ್ಯ ಕಾಲಿಗೆ ಬಿದ್ದರೂ ಕರಗಲಿಲ್ಲವಲ್ಲ ಎಂದು ಊರು ಆಡಿಕೊಳ್ಳುತ್ತದೆ. ಇದು ನನ್ನ ಕಲ್ಪನೆಯಲ್ಲ. ಕೊಲೆಯಾದವರ ಮನೆಯವರ ಜೊತೆಗೂ ನಾನು ಕೆಲಸ ಮಾಡಿದ್ದೇನೆ. ಬೇರೊಂದು ಪ್ರಕರಣದಲ್ಲಿ ಒಬ್ಬ ತಾಯಿ ಹೇಳಿದ್ದು ನೆನಪಿದೆ. ಮಗನನ್ನು ಕೊಂದವನು ಬಂದು ಅಂಗಳದಲ್ಲಿ ಅಡ್ಡಬಿದ್ದ, ನೆರೆಹೊರೆಯವರೆಲ್ಲ ನೋಡುತ್ತಿದ್ದರು, ಏಳಪ್ಪ ಎಂದು ಬಾಯಲ್ಲಿ ಬಂದುಬಿಟ್ಟಿತು. ಅಂದಿನಿಂದ ಮಗನ ಫೋಟೋ ಮುಂದೆ ದೀಪ ಹಚ್ಚಲು ಆಕೆಗೆ ಕೈ ಬರುತ್ತಿರಲಿಲ್ಲ. ಬಾಯಿಂದ ಬಂದ ಕ್ಷಮೆ ಮನಸ್ಸಿನಲ್ಲಿ ಇರಲಿಲ್ಲ, ಹಿಂತೆಗೆದುಕೊಳ್ಳುವ ಹಾಗೂ ಇರಲಿಲ್ಲ. ಬಂದುಹೋದವನು ನೆಮ್ಮದಿಯಾಗಿದ್ದ.

ಇನ್ನೊಂದು ಕಾರಣ ಭಯ. ನಂಜಪ್ಪನವರ ಪಾಲಿಗೆ ಅದು ಕ್ಷಮೆ ಬೇಡುವ ಭೇಟಿ. ಸಂಜೆಗತ್ತಲಲ್ಲಿ ಗಾಡಿ ನಿಲ್ಲಿಸಿ, ಹುಡುಗರನ್ನು ಹೊರಗೆ ಬಿಟ್ಟು, ತನ್ನ ವಿರುದ್ಧ ಸಾಕ್ಷಿ ಹೇಳಿದವರ ಬಾಗಿಲು ತಟ್ಟುವ ಆ ಭೇಟಿಯನ್ನು ಆಕೆ ಏನೆಂದು ಓದಬೇಕು? ಪೊಲೀಸರು ಏನೆಂದು ಓದುತ್ತಾರೆ? ಷರತ್ತಿನ ಮೇಲೆ ಹೊರಗಿರುವವರಿಗೆ ಒಂದು ದೂರು ಸಾಕು. ಆದರೆ ಅವರು ಮತ್ತೆ ಒಳಗೆ ಹೋಗುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಆಕೆಯ ಆ ರಾತ್ರಿ ಮತ್ತು ಅದರ ನಂತರದ ರಾತ್ರಿಗಳು. ಮನೆ ಬಿಡಬೇಕೆ, ಮಗನನ್ನು ಎಲ್ಲಿಗಾದರೂ ಕಳಿಸಬೇಕೆ ಎಂದು ಆಕೆ ಕೂತು ಲೆಕ್ಕ ಹಾಕಬೇಕಾಗುತ್ತದೆ, ಇಷ್ಟು ವರ್ಷಗಳ ಮೇಲೆ, ಮತ್ತೆ.

ಇಷ್ಟು ಹೇಳಿದಾಗ ಸಂಸ್ಥೆಯವರಲ್ಲೊಬ್ಬರು ರಾಣಿ ಮರಿಯಾ ಪ್ರಕರಣ ತೆಗೆದರು. ಅದನ್ನು ಬಹಳ ಜನ ತೆಗೆಯುತ್ತಾರೆ. 1995ರಲ್ಲಿ ಇಂದೋರ್ ಬಳಿ ಬಸ್ಸಿನಲ್ಲಿ ಸಮಂದರ್ ಸಿಂಗ್ ಎಂಬಾತ ಸಿಸ್ಟರ್ ರಾಣಿ ಮರಿಯಾ ಅವರನ್ನು ಇರಿದು ಕೊಂದ. 2002ರಲ್ಲಿ ಆಕೆಯ ತಂಗಿ, ತಾವೂ ಸನ್ಯಾಸಿನಿಯೇ, ಜೈಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. 2006ರಲ್ಲಿ ಬಿಡುಗಡೆಯಾದ ಮೇಲೆ ಅವನು ಆ ಕುಟುಂಬದವನಂತೆಯೇ ಆದ. ಎಲ್ಲವೂ ನಿಜ, ನನಗೂ ಅದರ ಮುಂದೆ ತಲೆ ಬಾಗುತ್ತದೆ. ಆದರೆ ನಡೆದು ಹೋದವರು ಯಾರು ಎಂದು ನೋಡಿ. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ನಳಿನಿಯನ್ನು 2008ರಲ್ಲಿ ವೇಲೂರು ಜೈಲಿನಲ್ಲಿ ಪ್ರಿಯಾಂಕಾ ಗಾಂಧಿ ಭೇಟಿಯಾದರು. ಅಲ್ಲಿಯೂ ಎದ್ದು ಹೋದವರು ಕಳೆದುಕೊಂಡವರೇ. ಅವರಿಗೆ ಬೇಕಾದಾಗ, ಅವರು ತಯಾರಾದಾಗ, ಬೇಡವಾದರೆ ಅರ್ಧದಲ್ಲೇ ಎದ್ದು ಬರಬಹುದಾದ ಜಾಗದಲ್ಲಿ ಆ ಭೇಟಿ ನಡೆಯಿತು. ನನ್ನ ಮಾತಿಗೆ ಈ ಉದಾಹರಣೆಗಳಿಗಿಂತ ಒಳ್ಳೆಯ ಆಧಾರ ನನಗೆ ಬೇಡ.

ಕೊಂದವರನ್ನೂ ಕಳೆದುಕೊಂಡವರನ್ನೂ ಎದುರುಬದುರು ಕೂರಿಸುವ ವ್ಯವಸ್ಥೆ ಬೇರೆ ಕಡೆ ಇದೆ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 1993ರಿಂದ ಸರ್ಕಾರವೇ ಇದನ್ನು ನಡೆಸುತ್ತಿದೆ. ಅಲ್ಲಿ ಅಪರಾಧಿ ಭೇಟಿ ಕೋರುವಂತಿಲ್ಲ, ಕೋರಿಕೆ ಬರಬೇಕಾದದ್ದು ನೊಂದವರ ಕಡೆಯಿಂದ. ಕೋರಿಕೆ ಬಂದ ಮೇಲೂ ಇಬ್ಬರನ್ನೂ ಬೇರೆಬೇರೆಯಾಗಿ ಬಹುಕಾಲ ತಯಾರು ಮಾಡಿ ಆಮೇಲೆ ಕೂರಿಸುತ್ತಾರೆ. ಆ ದೇಶದ ಇನ್ನು ಕೆಲವು ರಾಜ್ಯಗಳಲ್ಲಿ ಅಪರಾಧಿ ಬರೆದ ಪತ್ರವನ್ನು ಇಲಾಖೆಯೇ ತೆಗೆದಿಟ್ಟುಕೊಂಡು, ನೊಂದವರು ಕೇಳಿದರೆ ಮಾತ್ರ ಕೊಡುವ ಪದ್ಧತಿಯಿದೆ. ಕೊಲೆಯಂಥ ಪ್ರಕರಣಗಳಿಗೆ ಇಂಥದ್ದೊಂದು ಏರ್ಪಾಡನ್ನು ನಮ್ಮ ಕಾನೂನು ಇನ್ನೂ ಕಟ್ಟಿಲ್ಲ. ಕಟ್ಟಬೇಕು ಎಂಬುದು ನನ್ನ ಆಗ್ರಹ. ಕಟ್ಟುವವರೆಗೆ ಆ ಜಾಗವನ್ನು ವೇದಿಕೆ, ಮೈಕು, ಕ್ಯಾಮೆರಾಗಳು ತುಂಬಬಾರದು.

ಹಾಗಾದರೆ ನಂಜಪ್ಪನವರಿಗೆ ಹೇಳಿದ್ದೇನು? ಪತ್ರ ಬರೆಯಿರಿ, ಕಳಿಸಬೇಡಿ, ಆಕೆ ಕೇಳಿದರೆ ಮಾತ್ರ ಕೊಡುವುದು ಎಂದೆ. ಅದರಲ್ಲಿ ಕ್ಷಮಿಸಿ ಎಂಬ ಪದ ಬೇಡ. ಜೈಲಿನಲ್ಲಿ ಪಟ್ಟ ಪಾಡು ಬೇಡ, ತಾಯಿ ತೀರಿಕೊಂಡದ್ದು ಬೇಡ, ಯಾರು ಹೇಳಿ ಮಾಡಿಸಿದರು ಎಂಬುದು ಬೇಡ. ಮಾಡಿದ್ದು ನಾನು ಎಂದು ನೇರವಾಗಿ ಬರೆಯಬೇಕು. ಆಕೆ ಯಾವತ್ತಾದರೂ ತಿಳಿಯಬಯಸಬಹುದಾದ್ದು ಏನಾದರೂ ತಮಗೊಬ್ಬರಿಗೇ ಗೊತ್ತಿದ್ದರೆ ಅದನ್ನು ಬರೆಯಬೇಕು.

ಈ ಕೊನೆಯದನ್ನು ಹೇಳಲು ಕಾರಣವಿದೆ. ಕಳೆದುಕೊಂಡವರು ಬಹಳ ಸಲ ಕ್ಷಮೆಯ ಬಗ್ಗೆ ಯೋಚಿಸುವುದೇ ಇಲ್ಲ, ಅವರನ್ನು ಕೊರೆಯುವುದು ಬೇರೆ ಪ್ರಶ್ನೆಗಳು. ಬಹಳ ಹೊತ್ತು ನರಳಿದರಾ? ಕೊನೆಗೆ ಏನಾದರೂ ಹೇಳಿದರಾ? ಕೋರ್ಟಿನಲ್ಲಿ ಈ ಪ್ರಶ್ನೆಗಳಿಗೆ ಜಾಗವಿರುವುದಿಲ್ಲ. ಉತ್ತರ ಗೊತ್ತಿರುವವರು ಭೂಮಿಯ ಮೇಲೆ ಒಬ್ಬರೇ. ಅದು ನಂಜಪ್ಪನವರ ಬಳಿ ಇತ್ತು. ಗಲಾಟೆ ಕೇಳಿ ಆಕೆ ಓಡಿಬರುವ ಮುಂಚೆ ಆ ಮನುಷ್ಯ ಆಡಿದ ಮಾತೊಂದು. ಅದನ್ನು ಅವರು ಕೋರ್ಟಿನಲ್ಲಿ ಹೇಳಿರಲಿಲ್ಲ, ಒಳಗೆ ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಬೇಡಿ ಎಂದೆ. ಅದು ಆಕೆಯ ಸ್ವತ್ತು.

ದುಡ್ಡಿನ ಮಾತೂ ಬಂತು. ಬೇಕರಿಯ ಸಂಬಳದಲ್ಲಿ ಸ್ವಲ್ಪ ಕಳಿಸಲೇ ಎಂದರು. ಕೊಂದವರ ಕೈಯಿಂದ ಬರುವ ದುಡ್ಡನ್ನು ತೆಗೆದುಕೊಳ್ಳುವುದೂ ಕಷ್ಟ, ಹಿಂದಿರುಗಿಸುವುದೂ ಕಷ್ಟ, ಆದ್ದರಿಂದ ನೇರವಾಗಿ ಬೇಡವೆಂದೆ. ಓದುವವರಲ್ಲಿ ಇಂಥ ಕುಟುಂಬದವರು ಯಾರಾದರೂ ಇದ್ದರೆ ಅವರಿಗೆ ಹೇಳುತ್ತೇನೆ. ಅಪರಾಧದಿಂದ ನೊಂದವರಿಗೆ ಮತ್ತು ಅವರ ಅವಲಂಬಿತರಿಗೆ ಸರ್ಕಾರದಿಂದ ಪರಿಹಾರ ಕೊಡುವ ಯೋಜನೆ ಕಾನೂನಿನಲ್ಲೇ ಇದೆ. ಹಳೆಯ ಸಂಹಿತೆಯಲ್ಲಿ 357ಎ, ಈಗಿನದರಲ್ಲಿ 396ನೇ ಕಲಮು. ವಿಚಾರಿಸಬೇಕಾದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಅಪರಾಧಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟವರನ್ನು ನಾನು ಕಂಡಿದ್ದೇನೆ. ಬಿಡುಗಡೆಯಾದವನಿಗೆ ವೇದಿಕೆ ಹುಡುಕುವ ಸಂಸ್ಥೆಗಳು ಮೊದಲು ಈ ಅರ್ಜಿಗಳನ್ನು ಬರೆದುಕೊಡಲಿ.

ಸಭೆಗೆ ಹೋಗುವುದನ್ನು ನಂಜಪ್ಪನವರೇ ಬಿಟ್ಟರು. ಯುವಕರಿಗೆ ಬುದ್ಧಿ ಹೇಳುವ ಅವಕಾಶ ತಪ್ಪಿಸಿದಿರಿ ಎಂದು ಸಂಸ್ಥೆಯವರು ನನ್ನ ಮೇಲೆ ಬೇಸರಿಸಿಕೊಂಡರು. ಆ ಸಭೆಯಲ್ಲಿ ಕೂತ ಹುಡುಗರು ಕೊನೆಯ ಐದು ನಿಮಿಷದ ಬುದ್ಧಿಮಾತನ್ನು ಕೇಳುತ್ತಾರೋ, ಮೊದಲ ಒಂದು ಗಂಟೆಯ ಮಚ್ಚು ಲಾಂಗಿನ ಕತೆಯನ್ನು ಕೇಳುತ್ತಾರೋ? ಚಪ್ಪಾಳೆ ಬೀಳುವುದು ಯಾವುದಕ್ಕೆ? ಈ ಮನುಷ್ಯ ಬದಲಾಗಿದ್ದಾರೆಂದು ನೀವು ನಂಬುವುದಿಲ್ಲವೇ ಎಂದು ಅವರಲ್ಲೊಬ್ಬರು ಕೇಳಿದರು. ನಂಬುತ್ತೇನೆ, ಪೂರ್ತಿಯಾಗಿ ನಂಬುತ್ತೇನೆ. ಬದಲಾದ ಮನುಷ್ಯನಿಗೆ ಅದನ್ನು ಪ್ರದರ್ಶಿಸದೆ ಬದುಕಲು ಬಿಡಬೇಕು ಎಂದೂ ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ.

ಈಗ ಮನೆ ಮುಂದೆ ಹುಡುಗರು ಸೇರುವುದು ಬಹಳ ಕಡಿಮೆಯಾಗಿದೆ. ಬಂದವರಿಗೆ ಬೇಕರಿಗೆ ಬಂದು ಹಿಟ್ಟು ಕಲಸಿ ಎನ್ನುತ್ತಾರಂತೆ. ಒಬ್ಬ ಬಂದು ಉಳಿದುಕೊಂಡಿದ್ದಾನೆ. ಪತ್ರವನ್ನು ಅವರು ಮತ್ತೆಮತ್ತೆ ತಿದ್ದಿದರು. ಮೊದಲ ಪ್ರತಿ ಹಲವು ಪುಟ ಇತ್ತು, ಬಹುಪಾಲು ಅವರದೇ ಕತೆ. ತಿದ್ದಿದಂತೆಲ್ಲ ಚಿಕ್ಕದಾಗುತ್ತ ಬಂದು ಒಂದೇ ಹಾಳೆಗೆ ನಿಂತಿದೆ. ಕೊನೆಯ ಪ್ರತಿಯನ್ನು ಲಕೋಟೆಗೆ ಹಾಕಿ ಅಂಟಿಸಿಯೇ ತಂದರು. ನಾನು ಓದಿಲ್ಲ.

ಅಲ್ಲಿಗೆ ಒಂದು ಪ್ರಶ್ನೆ ಹುಟ್ಟಿತು, ಇನ್ನೂ ಬಗೆಹರಿದಿಲ್ಲ. "ಹಿಂಗೊಂದು ಕಾಗದ ಇದೆ ಅಂತ ಅವರಿಗೆ ಗೊತ್ತಾಗೋದು ಹೇಗೆ ಮೇಡಂ? ಗೊತ್ತಿಲ್ದೆ ಕೇಳೋದು ಹೇಗೆ?" ಎಂದು ನಂಜಪ್ಪನವರು ಕೇಳಿದರು. ನ್ಯಾಯವಾದ ಪ್ರಶ್ನೆ. ತಿಳಿಸಿದರೆ ಅದೂ ಬಾಗಿಲು ತಟ್ಟಿದಂತೆಯೇ. ತಿಳಿಸದಿದ್ದರೆ ಆಕೆಗೆ ಸೇರಬೇಕಾದದ್ದನ್ನು ಮುಚ್ಚಿಟ್ಟಂತೆ. ಬಹಳ ಯೋಚಿಸಿ ನಾನು ಕೊಟ್ಟ ಸಲಹೆ ಇದು: ವಿಚಾರಣೆಯ ಕಾಲದಲ್ಲಿ ಆ ಕುಟುಂಬಕ್ಕೆ ನೆರವಾಗಿದ್ದ ವಕೀಲರಿಗೆ ನನ್ನ ಮೂಲಕ ಒಂದೇ ಒಂದು ಸಲ ತಿಳಿಸುವುದು, ಲಕೋಟೆಯನ್ನು ಅವರ ಬಳಿ ಬಿಡುವುದು. ಆಕೆಗೆ ಹೇಳುವುದೋ ಬೇಡವೋ, ಹೇಳಿದರೆ ಯಾವಾಗ, ಎಲ್ಲವೂ ಆ ವಕೀಲರ ವಿವೇಚನೆಗೆ. ಅದಾದ ಮೇಲೆ ಏನಾಯಿತು ಎಂದು ನಾನೂ ವಿಚಾರಿಸಬಾರದು, ನಂಜಪ್ಪನವರೂ ವಿಚಾರಿಸಬಾರದು.

ಲಕೋಟೆ ವಕೀಲರಿಗೆ ತಲುಪಿದೆ. ವಿಚಾರಿಸಬಾರದು ಎಂಬ ಭಾಗಕ್ಕೆ ನಂಜಪ್ಪನವರು ಇನ್ನೂ ಪೂರ್ತಿ ಒಪ್ಪಿಲ್ಲ. ಪ್ರತಿ ಭೇಟಿಯಲ್ಲೂ ಒಮ್ಮೆ ಕೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ, ಆಮೇಲೆ ಉಳಿದ ವಿಷಯ ಮಾತಾಡುತ್ತೇವೆ.